ಮ್ಯಾಚಿಂಗ್ ಸೆಂಟರ್

ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ.
ಕೆಲಸಕ್ಕೆ ಸೇರಿದ ದಿನ ಶೆಣೈ ಮಾಮ್ ಕಲಿಸಿದ್ದು ಇಷ್ಟು:
ಗಿರಾಕಿಯನ್ನು ಬಾಗಿಲಿಗೆ ಕರಕೊಂಡು ಹೋಗು,
ಬಟ್ಟೆಯನ್ನು ಬೆಳಕಿಗೆ ಹಿಡಿ,
ಆಮೇಲೆ ಕತ್ತರಿ.

ಹಂಪನಕಟ್ಟೆಯ ಈ ಓಣಿಯಲ್ಲಿ ಹನ್ನೊಂದು ವರ್ಷ
ದಿನಕ್ಕೆ ನಲವತ್ತು ಸಲ ಮೂರು ಮೆಟ್ಟಿಲಿಳಿದು
ಬ್ಲೌಸ್ ಪೀಸಿನ ಮೂಲೆಯನ್ನು
ಯಾರದೋ ಸೆರಗಿಗೆ ತಾಗಿಸಿ ನಿಂತವಳು ನಾನು.
ಒಳಗೆ ಅಕ್ಕತಂಗಿಯರ ಹಾಗಿದ್ದ ಎರಡು ಹಸಿರು
ಹೊರಗೆ ಬಂದ ಕೂಡಲೇ
ಮಾತು ಬಿಟ್ಟ ಓರಗಿತ್ತಿಯರು.

ಬಣ್ಣದ ಹೆಸರು ಯಾರಿಗೂ ಬೇಡ.
"ಪುನರ್ಪುಳಿ ಶರಬತ್ತಿನದ್ದು ಕೊಡಿ, ನೀರು ಜಾಸ್ತಿಯಾದದ್ದು."
"ಬಂಗುಡೆಯ ಬೆನ್ನಿನದ್ದು ಉಂಟಾ?"
ತಾಜಾ ಬಂಗುಡೆಯಾ, ಐಸಿನಲ್ಲಿಟ್ಟದ್ದಾ, ಕೇಳುತ್ತೇನೆ.
ಹವ್ವಮ್ಮ ನಗುವುದಿಲ್ಲ, ಯೋಚಿಸಿ ಹೇಳುತ್ತಾರೆ:
"ಬುಟ್ಟಿಯಿಂದ ಈಗಷ್ಟೇ ತೆಗೆದದ್ದು."

ಕರೆಂಟು ಹೋದರೆ ಮೊದಲು ಮಲಗುವುದು ಕೆಂಪು.
ಎಲ್ಲರೂ ಮಲಗಿದ ಮೇಲೂ ನೀಲಿ ಎಚ್ಚರ,
ಬಾಗಿಲು ಹಾಕಿದೆಯಾ ಎಂದು ನೋಡುವ
ಮನೆಯ ಯಜಮಾನಿಯ ಹಾಗೆ.

ಮಳೆಗಾಲಕ್ಕೆ ಓಣಿಯ ಮೇಲೆ ನೀಲಿ ಟರ್ಪಾಲು.
ನಾಲ್ಕು ತಿಂಗಳು ಎಲ್ಲರೂ
ವೆನ್ಲಾಕಿನಿಂದ ಆಗಷ್ಟೇ ಬಿಡುಗಡೆಯಾದವರು.
ಎರಡು ರೂಪಾಯಿ ಚಿಲ್ಲರೆಗೆ ಜಗಳ,
ಕೊಂಡ ಬಟ್ಟೆ ಮರುದಿನ ವಾಪಸು.
ಒಂದು ವರ್ಷ ನೀಲಿ ಸಿಗದೆ
ಬಂದರಿನಿಂದ ಹಳದಿ ತಂದು ಕಟ್ಟಿದರು ನೋಡಿ,
ಗಡಿಯಾರ ರಿಪೇರಿಯ ವಾಮನಣ್ಣ,
ಮಗ ತೀರಿದ ಮೇಲೆ ತಲೆ ಎತ್ತದವ,
ಅಂಗಡಿಯಿಂದ ಹೊರಗೆ ಸ್ಟೂಲು ಹಾಕಿ ಕೂತ.
ಎಂತಕ್ಕೆ ಎಂದು ಅವನಿಗೂ ಗೊತ್ತಿಲ್ಲ.
"ಸೆಕೆ" ಎಂದ.
ಮಳೆ ಧೋ ಎಂದು ಹೊಯ್ಯುತ್ತಿತ್ತು.

ಮೊನ್ನೆ ಸೆವ್ರಿನ್ ಬಾಯಿ ಬಂದರು
ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು,
ಕೈಯಲ್ಲಿ ಕಪ್ಪು ಕನ್ನಡಕ.
"ಕೆನೆಬಣ್ಣ ಅಂತ ನಿನ್ನ ಹತ್ತಿರ ಕೊಂಡದ್ದೆಲ್ಲ
ಬಿಳಿ ಅಲ್ವಾ ಮಾರಾಯ್ತಿ!"
ಬಿಳಿ ಎಂದೇ ನಾನು ಹೇಳಿದ್ದೆ. ಸುಮ್ಮನಿದ್ದೆ.
"ಗೋಡೆ ಬಿಳಿ, ಅನ್ನ ಬಿಳಿ,
ಬಚ್ಚಲಿನ ಬಕೆಟು ನೀಲಿ ಅಂದರೆ ನೀಲಿ,
ಕಣ್ಣಿಗೆ ಹೊಡೆಯುತ್ತದೆ.
ಮೊದಲು ನಮ್ಮ ಮನೆಯೊಳಗೆ ಯಾವಾಗಲೂ
ಸಂಜೆ ಐದೂವರೆ.
ಈಗ ಎಷ್ಟು ಹೊತ್ತಿಗೆ ಎದ್ದರೂ ಹನ್ನೆರಡು ಗಂಟೆ.
ಡಾಕ್ಟರು ಒಳ್ಳೆಯವರು, ಅವರದ್ದು ತಪ್ಪಿಲ್ಲ.
ಕಿಟಕಿಗೆ ಹಾಕಲು ಒಂದು ಬಟ್ಟೆ ಕೊಡು,
ಆ ಐದೂವರೆಯದ್ದು."

ಮೆಟ್ಟಿಲ ಮೇಲೆ ಇಬ್ಬರೂ
ಒಂದೇ ಬಟ್ಟೆಯಡಿ ತಲೆ ತೂರಿಸಿ ಓಣಿ ನೋಡಿದೆವು.
ಕೇಸರಿಯಲ್ಲಿ ಓಣಿಗೆ ಜ್ವರ.
ನಿಂಬೆಯಲ್ಲಿ ವಾಮನಣ್ಣನಿಗೆ ಕಾಮಾಲೆ.
ಬೆಲ್ಲದ ಬಣ್ಣದಲ್ಲಿ ಸ್ವಲ್ಪ ಹೊತ್ತು ನಿಂತರು.
"ಇದು ಆರೂಕಾಲು" ಎಂದರು,
"ಆಗ ಅವರು ಬಂದು ಚಹಾ ಕುಡಿದಾಗಿರುತ್ತಿತ್ತು."

ಕೊನೆಗೆ ಶೋಕೇಸಿನ ಗೊಂಬೆಯ ಹೆಗಲಿನಿಂದ
ನಾಲ್ಕು ಬೇಸಗೆಯ ಬಿಸಿಲು ತಿಂದ ವಾಯಿಲ್ ಇಳಿಸಿದೆ.
ಮೊದಲು ಅದು ಯಾವ ಬಣ್ಣವಿತ್ತೋ, ಬಿಲ್ಲಿನಲ್ಲೂ ಇಲ್ಲ.
ಬಾಯಿ ಅದರೊಳಗೆ ತುಂಬ ಹೊತ್ತು ಇದ್ದರು.
ಹೊರಗೆ ಬಂದು ಕನ್ನಡಕ ಹಾಕಿಕೊಂಡರು.
"ಬೇಡ, ಮಡಚಿಡು.
ಗೋಡೆಯಲ್ಲಿ ಹತ್ತು ವರ್ಷದ ಜೇಡರ ಬಲೆ ಕಾಣುತ್ತಾ ಉಂಟು,
ಮೊದಲು ಅದನ್ನು ತೆಗೆಯುತ್ತೇನೆ."
ಒಂದು ಬಿಳಿ ನೂಲಿನ ಉಂಡೆ ಕೊಂಡು ಹೋದರು.

ರಾತ್ರಿ ಎಂಟೂವರೆ.
ರಸ್ತೆಗೆ ಹೊಸ ದೀಪ ಹಾಕಿದ್ದಾರೆ, ಹಾಲಿನಂಥದ್ದು;
ಮನೆಗೆ ಹೊರಟವರೂ
ಆಫೀಸಿಗೆ ತಡವಾದವರ ಹಾಗೆ ಕಾಣುತ್ತಾರೆ.
ಶೆಣೈ ಮಾಮ್ ಲೆಕ್ಕ ಮುಗಿಸುವ ಮೊದಲು
ಆ ವಾಯಿಲನ್ನು ಮುಖದ ಮೇಲೆ ಎಳೆದುಕೊಂಡೆ.
ಬಸ್ಸು, ಕಡಲೆ ಗಾಡಿ, ನಾಯಿ,
ಎಲ್ಲರಿಗೂ ಸ್ವಲ್ಪ ಸಮಯ ಸಿಕ್ಕಿತು.

"ಎಂತ ಮಾಡ್ತಿದ್ದಿ?" ಎಂದರು ಮಾಮ್.
"ಧೂಳು ಕೊಡವ್ತಾ ಇದ್ದೇನೆ" ಎಂದೆ.